ಟೈಲ್ಸಿನ ಕೆಂಪು ಕಲೆಗೆ ಬಿಂಬುಳಿ

ಪ್ರಶ್ನೆ: ವಿಷುವಿಗೆ ಮೊದಲು ಮನೆಯೆಲ್ಲ ತೊಳೆಯಬೇಕು. ಬಚ್ಚಲಿನ ಟೈಲ್ಸಿನಲ್ಲಿ ಕೆಂಪು ಕಲೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಆ ನೀರು ತೆಂಗಿನ ಬುಡಕ್ಕೆ ಹೋಗುವುದರಿಂದ ಆಸಿಡ್ ಹಾಕಲು ಮನಸ್ಸಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಅದು ನೀರಿನಲ್ಲಿರುವ ಕಬ್ಬಿಣದ ಕಲೆ ಇರಬೇಕು. ನಮ್ಮ ಮುರಕಲ್ಲಿನ ನೆಲದಲ್ಲಿ ಇದು ಮಾಮೂಲು. ಬ್ಲೀಚಿಂಗ್ ಪೌಡರ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ. ಇದಕ್ಕೆ ಹುಳಿಯೇ ಆಗಬೇಕು. ಹಿತ್ತಲಲ್ಲಿ ಬಿಂಬುಳಿ (ಬಿಲಿಂಬಿ) ಮರ ಉಂಟಾ? ಕಾಂಡದ ತುಂಬಾ ಗೊಂಚಲು ಬಿಟ್ಟು, ಅರ್ಧಕ್ಕರ್ಧ ಸುಮ್ನೆ ಬಿದ್ದು ಕೊಳೆಯುತ್ತದೆ ಅಲ್ವಾ, ಅದನ್ನೇ ಹೆಕ್ಕಿ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ಜಜ್ಜಿ ಕಲೆಗೆ ಮೆತ್ತಿ, ಅರ್ಧ ಗಂಟೆ ಬಿಟ್ಟು ತೆಂಗಿನ ನಾರಿನಿಂದ ತಿಕ್ಕಿ. ಹಳೇ ಕಲೆಗೆ ಮರುದಿನ ಇನ್ನೊಮ್ಮೆ ಬೇಕಾದೀತು. ಕೈಗೆ ಗಾಯವಿದ್ದರೆ ಗ್ಲೌಸ್ ಹಾಕಿ, ಉರಿ ತಡೆಯಲಾಗದು.

ಜೊತೆಗೆ ಅಡುಗೆ ಸೋಡಾ ಬೆರೆಸಬೇಡಿ. ಬುರುಬುರು ನೊರೆ ನೋಡಲು ಚಂದ ಅಷ್ಟೇ, ಹುಳಿಯ ಶಕ್ತಿಯೇ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ಅಂತೂ ಬೇಡವೇ ಬೇಡ, ವಿಷಗಾಳಿ ಬರುತ್ತದೆ.

ವಿಷು ಕಣಿಗೆ ಇಡುವ ಕಂಚಿನ ಉರುಳಿ ಪಾತ್ರೆಗೂ ಇದೇ ಬಿಂಬುಳಿ ಸಾಕು. ತೊಳೆದ ಕೂಡಲೇ ಬಟ್ಟೆಯಲ್ಲಿ ಒರೆಸಿಡಿ. ರೆಡ್ ಆಕ್ಸೈಡ್ ನೆಲಕ್ಕೆ, ಮಾರ್ಬಲ್ಲಿಗೆ ಮಾತ್ರ ಹುಳಿ ತಾಗಿಸಬೇಡಿ, ಹೊಳಪು ಹೋದರೆ ಮತ್ತೆ ಪಾಲಿಶ್ ಮಾಡಿಸುವ ಖರ್ಚು.