ಜಾಗ ಬದಲಿಸಿದ ಬೋಗಿಗೆ ಸ್ಮಾರಕದ ಪಟ್ಟ ಸಲ್ಲುತ್ತದೆಯೇ?

ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದ ಮೈಸೂರಿನ ಹಿರಿಯ ಓದುಗರೊಬ್ಬರು ಮಯಾಮಿಯ ರೈಲು ಮ್ಯೂಸಿಯಮ್ಮಿನಲ್ಲಿ 'ಫರ್ಡಿನಾಂಡ್ ಮೆಗೆಲನ್' ಎಂಬ ಬೋಗಿ ನೋಡಿ ಬಂದು ಪತ್ರ ಬರೆದಿದ್ದಾರೆ. ಅಧ್ಯಕ್ಷರು ಓಡಾಡುತ್ತಿದ್ದ ಆ ಬೋಗಿಗೆ ಅಲ್ಲಿನ ಸರ್ಕಾರ ರಾಷ್ಟ್ರೀಯ ಸ್ಮಾರಕದ ಮನ್ನಣೆ ಕೊಟ್ಟಿದೆ. "ಎಲ್ಲೆಲ್ಲೋ ಓಡಿದ್ದನ್ನು ಎಳೆದು ತಂದು ನಿಲ್ಲಿಸಿದರೂ ಆ ಮರ್ಯಾದೆ ಸಿಗುವುದಾದರೆ, ನಮ್ಮ ಮೈಸೂರಿನ ಮಹಾರಾಣಿಯವರ ಸಲೂನಿಗೆ, ಅಂದರೆ ಅವರ ಖಾಸಗಿ ರೈಲು ಬೋಗಿಗೆ, ಏಕಿಲ್ಲ? ಮನವಿ ಸಿದ್ಧವಿದೆ, ಪತ್ರಿಕೆಯೂ ಸಹಿ ಹಾಕಲಿ" ಎನ್ನುವುದು ಪತ್ರದ ಸಾರ.

ಸಂಪಾದಕರ ಉತ್ತರ

ಮಾನ್ಯರೇ,

ತಮ್ಮ ಅನುಮಾನ ಸಕಾರಣವಾದದ್ದೇ. ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಯ ನಿಯಮಗಳು ಮೂಲ ಜಾಗದಿಂದ ಕದಲಿಸಿದ ಕಟ್ಟಡವನ್ನು ಸಾಮಾನ್ಯವಾಗಿ ಹತ್ತಿರ ಸೇರಿಸುವುದಿಲ್ಲ. ಆದರೆ ರೈಲು, ಹಡಗುಗಳು ಹುಟ್ಟಿದ್ದೇ ಓಡಾಡಲಿಕ್ಕೆ. ಅವು ತಮಗೆ ತಕ್ಕ ಪರಿಸರದಲ್ಲಿ ಇವೆಯೇ ಎಂದಷ್ಟೇ ನೋಡುತ್ತಾರೆ. ಯಾರ್ಡಿನ ಹಳಿಯ ಮೇಲಿರುವ ಎಂಜಿನ್ ಪಾಸು, ಮ್ಯೂಸಿಯಮ್ಮಿನ ಹಜಾರದೊಳಗೆ ಇಟ್ಟದ್ದು ಫೇಲು. ಬಂದರಿನಲ್ಲಿ ತೇಲುವ ಹಡಗು ಪಾಸು, ಪಾರ್ಕಿನ ನೆಲದ ಮೇಲೆ ಕೂರಿಸಿದ್ದು ಫೇಲು. ಇದರ ಜೊತೆಗೆ ಮೂಲದ ಸಾಮಗ್ರಿ, ವಿನ್ಯಾಸ, ಕೈಕೆಲಸ ಎಷ್ಟು ಉಳಿದಿದೆ ಎಂಬ ಪ್ರಶ್ನೆಯೂ ಇದೆ. ನಾನಾದರೆ ಅದನ್ನೇ ಮೊದಲು ಕೇಳುತ್ತೇನೆ.

ಮೆಗೆಲನ್ ಬೋಗಿಯ ಮೈಯನ್ನೇ ನೋಡಿ. ಪುಲ್‌ಮನ್ ಕಂಪನಿ 1929ರ ಸುಮಾರಿಗೆ ಕಟ್ಟಿದ, ಅನ್ವೇಷಕರ ಹೆಸರು ಹೊತ್ತ ಆರು ಖಾಸಗಿ ಬೋಗಿಗಳಲ್ಲಿ ಇದೊಂದು. ಪರ್ಲ್ ಹಾರ್ಬರ್ ದಾಳಿಯ ಬಳಿಕ, 1942ರಲ್ಲಿ, ಇದನ್ನು ಅಧ್ಯಕ್ಷ ರೂಸ್‌ವೆಲ್ಟ್ ಅವರಿಗಾಗಿ ಬಿಚ್ಚಿ ಮತ್ತೆ ಕಟ್ಟಿದರು. ಗೋಡೆ, ನೆಲ, ಚಾವಣಿಗೆಲ್ಲ ಮುಕ್ಕಾಲು ಇಂಚಿಗೆ ತುಸು ಕಡಿಮೆ ದಪ್ಪದ ಉಕ್ಕಿನ ಹಾಳೆ, ಕಿಟಕಿಗಳಿಗೆ 3 ಇಂಚಿನ ಗುಂಡು ನಿರೋಧಕ ಗಾಜು. ಅಪಾಯದ ಹೊತ್ತಿಗೆ ನುಸುಳಿ ಪಾರಾಗಲು ಚಾವಣಿಯಲ್ಲೊಂದು ಬಾಗಿಲು, ಬಚ್ಚಲ ಗೋಡೆಯಲ್ಲಿ ಇನ್ನೊಂದು. ತೂಕ 73 ಟನ್ನಿನಿಂದ 129 ಟನ್ನಿಗೆ ಏರಿತು. ನಾವು ಓಡಾಡುವ ಮಾಮೂಲಿ ಎಸಿ ಬೋಗಿಯ ಎರಡು ಪಟ್ಟಿಗೂ ಹೆಚ್ಚು. ಯುದ್ಧಕಾಲದ ಆತಂಕ ಏನೆಂದು ತಿಳಿಯಲು ಆ ಬಚ್ಚಲ ಬಾಗಿಲೊಂದೇ ಸಾಕು.

1948ರ ಚುನಾವಣೆಯಲ್ಲಿ ಅಧ್ಯಕ್ಷ ಟ್ರೂಮನ್ ದೇಶ ಸುತ್ತಿ ಭಾಷಣ ಮಾಡಿದ್ದು ಈ ಬೋಗಿಯ ಹಿಂಬದಿಯ ಕಟಾಂಜನದ ಬಳಿ ನಿಂತು. ಅವರು ಸೋತರೆಂದು ಅಚ್ಚಾಗಿದ್ದ ಪತ್ರಿಕೆಯನ್ನು ಗೆದ್ದ ಮೇಲೆ ಎತ್ತಿ ಹಿಡಿದು ನಗುವ ಫೋಟೋ ತಾವೂ ನೋಡಿರುತ್ತೀರಿ. ಸೇಂಟ್ ಲೂಯಿಸ್‌ನಲ್ಲಿ ತೆಗೆದ ಆ ಚಿತ್ರದಲ್ಲಿ ಅವರು ನಿಂತಿರುವುದೂ ಅಲ್ಲಿಯೇ. (ಸಂಪಾದಕರ ಪಾಲಿಗೆ ಅದು ಬೆವರು ಬರಿಸುವ ಚಿತ್ರ.) ಅಂದರೆ ಘಟನೆ ನಡೆದ ಜಾಗವೇ ಬೋಗಿಯ ಜೊತೆ ಮಯಾಮಿಗೆ ಬಂದಿದೆ. 1959ರಲ್ಲಿ ಮ್ಯೂಸಿಯಮ್ ಸೇರಿದ ಮೇಲೂ ಅದು ಹಳಿ ಬಿಡಲಿಲ್ಲ. 1984ರಲ್ಲಿ ಅಧ್ಯಕ್ಷ ರೇಗನ್ ಅವರ ಪ್ರಚಾರಕ್ಕೆಂದು ಒಹಾಯೊದಲ್ಲಿ ಮತ್ತೆ ಓಡಿತು. ಮನ್ನಣೆ ಬಂದದ್ದು 1985ರ ಫೆಬ್ರವರಿಯಲ್ಲಿ. ನನ್ನ ಮಟ್ಟಿಗೆ ಅದು ನ್ಯಾಯವೇ.

ಇದಕ್ಕೆ ತದ್ವಿರುದ್ಧದ ಕಥೆ ಫ್ರಾನ್ಸಿನ ಕೊಂಪಿಯೇನ್ ಕಾಡಿನದು. ಮೊದಲ ಮಹಾಯುದ್ಧ ನಿಲ್ಲಿಸಿದ 1918ರ ಕದನವಿರಾಮಕ್ಕೆ ಸಹಿ ಬಿದ್ದದ್ದು 2419ಡಿ ಸಂಖ್ಯೆಯ ಊಟದ ಬೋಗಿಯಲ್ಲಿ. 1940ರಲ್ಲಿ ಹಿಟ್ಲರ್ ಅದೇ ಬೋಗಿಯನ್ನು ಅದೇ ಜಾಗದಲ್ಲಿ ನಿಲ್ಲಿಸಿ ಸೋತ ಫ್ರೆಂಚರಿಂದ ಕದನವಿರಾಮಕ್ಕೆ ಸಹಿ ಹಾಕಿಸಿಕೊಂಡ, ಬಳಿಕ ಬರ್ಲಿನ್ನಿಗೆ ಸಾಗಿಸಿದ. ಅದು 1945ರಲ್ಲಿ ನಾಶವಾಯಿತು. ಈಗ ಅಲ್ಲಿರುವುದು ಅದೇ ಸರಣಿಯ ಇನ್ನೊಂದು ಬೋಗಿ, ಸಂಖ್ಯೆಯನ್ನು ಮಾತ್ರ ಹಳೆಯದಕ್ಕೆ ಬದಲಿಸಿದ್ದಾರೆ. ಕಾಡು ಅದೇ, ಬೋಗಿ ಬೇರೆ. ಕೈ ಮುಗಿಯಬಹುದು, ಆದರೆ ಆ ಬೋಗಿಗೇ ಪಟ್ಟ ಕಟ್ಟೆಂದರೆ ನಾನು ಒಪ್ಪಲಾರೆ.

ಇನ್ನು ನಮ್ಮ ಸಲೂನು. 1899ರದು, ಅಡುಗೆಮನೆ, ಊಟದ ಕೋಣೆ, ಶೌಚಗೃಹ ಎಲ್ಲ ಇರುವ ಅರಮನೆಯ ವೈಭವ. ಯೋಗ್ಯತೆಯ ಪ್ರಶ್ನೆಯೇ ಇಲ್ಲ. ಸ್ಟೇಷನ್ನುಗಳ ಮುಂದೆ ದೋಸೆ ಹೋಟೆಲಾಗಿ ನಿಂತಿರುವ ಹಳೆ ಬೋಗಿಗಳ ಜೊತೆ ಇದನ್ನು ಯಾರೂ ಸೇರಿಸಲಾರರು. ತೊಡಕಿರುವುದು ಕಾಯ್ದೆಯಲ್ಲಿ. 1958ರ ಸ್ಮಾರಕಗಳ ಕಾಯ್ದೆ ನೂರು ವರ್ಷ ದಾಟಿದ ಕಟ್ಟಡ, ಗುಹೆ, ಶಾಸನ, ಏಕಶಿಲೆಗಳನ್ನು ಸ್ಮಾರಕ ಎನ್ನುತ್ತದೆ. ಎಳೆದೊಯ್ಯಬಹುದಾದ ಬೋಗಿ ಹೋಗಿ ಸೇರುವುದು ಪ್ರಾಚ್ಯವಸ್ತುಗಳ ಸಾಲಿಗೆ. ಅಂಥದ್ದನ್ನು ಯಾರೂ ಖಾಸಗಿಯಾಗಿ ವಿದೇಶಕ್ಕೆ ಸಾಗಿಸದಂತೆ 1972ರ ಕಾಯ್ದೆ ತಡೆಯುತ್ತದೆ, ಸರಿ. ಆದರೆ ಮಹಾರಾಣಿಯವರ ಸಲೂನನ್ನು ಕದ್ದು ವಿದೇಶಕ್ಕೆ ಒಯ್ಯುವವರಿಗಿಂತ, ಒಳ್ಳೆಯ ಮನಸ್ಸಿನಿಂದಲೇ ಹೊಸ ಪಾಲಿಶ್ ಹೊಡೆಸಿ, ಸವೆದ ಮರ ಕಿತ್ತು ಪ್ಲೈವುಡ್ ಬಡಿಸುವವರ ಭಯ ನನಗೆ ಹೆಚ್ಚು.

ಇನ್ನೊಂದು ಸಂಗತಿ ತಮ್ಮ ಮನವಿಯಲ್ಲಿ ಇಲ್ಲ. ಮೈಸೂರು ಮಹಾರಾಜರ ಸಲೂನು, ಅದೂ 1899ರದೇ, ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಮ್ಮಿನಲ್ಲಿದೆ. ರಾಜರದು ಅಲ್ಲಿ, ರಾಣಿಯವರದು ಇಲ್ಲಿ ಮೈಸೂರಿನಲ್ಲಿ. ಜಾಗ ಬದಲಿಸಿದ್ದಕ್ಕಿಂತ ಹೀಗೆ ಅಗಲಿಸಿದ್ದೇ ದೊಡ್ಡ ನಷ್ಟ ಎಂದು ನನಗನಿಸುತ್ತದೆ.

ಆದ್ದರಿಂದ 'ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿ' ಎಂಬ ಸಾಲನ್ನು ಕೈಬಿಡಿ. ಅದರ ಬದಲು ಮೂರು ಬೇಡಿಕೆ ಬರೆಯಿರಿ. ಸಲೂನಿನಲ್ಲಿ 1899ರದು ಯಾವುದು, ಆಮೇಲೆ ಸೇರಿದ್ದು ಯಾವುದು ಎಂದು ಹಲಗೆ, ಹಿಡಿಕೆ ಸಮೇತ ದಾಖಲೆಯಾಗಲಿ. ಅಲ್ಲಿಯವರೆಗೆ ಯಾರೂ ಬ್ರಷ್ ಮುಟ್ಟದಿರಲಿ. ದೆಹಲಿಯ ಜೋಡಿಯದೂ ಅದೇ ಕಡತದಲ್ಲಿ ಸೇರಲಿ. ಹಾಗೆ ತಿದ್ದಿ ಕಳುಹಿಸಿದರೆ ಮನವಿಯನ್ನು ಮುಂದಿನ ಸಂಚಿಕೆಯಲ್ಲಿ ನಮ್ಮ ಸಹಿಯೊಂದಿಗೆ ಪೂರ್ತಿ ಅಚ್ಚು ಹಾಕುತ್ತೇವೆ.

— ಸಂ.