ಟೊಮೆಟೊ ಗಿಡ ಹಸಿರಾಗಿರುವಾಗಲೇ ಬಾಡುತ್ತಿದೆ, ಯಾವ ಔಷಧಿ ಹೊಡೆಯಲಿ?

ಯಾವುದನ್ನೂ ಹೊಡೆಯಬೇಡಿ. ತೀರ್ಥಹಳ್ಳಿ ಹತ್ತಿರ ಹೊಸ ಮನೆ, ಮನೆಖರ್ಚಿನ ತರಕಾರಿಯನ್ನೆಲ್ಲ ಹಿತ್ತಲಲ್ಲೇ ಬೆಳೆಯುವ ಹಟ, ಹೂ ಬಿಡುವ ಹೊತ್ತಿಗೆ ಎಲೆ ಹಳದಿಯೂ ಆಗದೆ ಜೋತುಬಿದ್ದ ಟೊಮೆಟೊ, ಈಗ ಪಕ್ಕದ ಬದನೆಗೂ ಅದೇ ಗತಿ. ನೀವು ಬರೆದಿರುವುದು ಹೊಸನಗರ ಕಡೆಯ ನಮ್ಮ ಹಿತ್ತಲಿನ ಕಥೆಯೇ.

ನಾನು ದಾವಣಗೆರೆ ಕಡೆಯಿಂದ ಮದುವೆಯಾಗಿ ಬಂದವಳು. ನಮ್ಮೂರಲ್ಲಿ ಟೊಮೆಟೊ ತಿಪ್ಪೆಯ ಮೇಲೆ ತಾನಾಗಿ ಹುಟ್ಟುತ್ತಿತ್ತು. ಇಲ್ಲಿ ಅತ್ತೆಯವರ ಹಿತ್ತಲಲ್ಲಿ ಬಸಳೆ, ಕೆಸು, ಹರಿವೆ, ಮೊಗೆಕಾಯಿ, ಒಂದು ಸಾಲು ಬದನೆ, ಅಷ್ಟೇ. ಸಾರಿಗೆ ಹುಳಿ ಬೇಕೆಂದರೆ ವಾಟೆಹುಳಿ, ಇಲ್ಲದಿದ್ದರೆ ಅಮಟೆಕಾಯಿ. ಮಳೆಗಾಲದಲ್ಲಿ ಟೊಮೆಟೊ ಈ ಮಣ್ಣಿಗೆ ಆಗಿಬರುವುದಿಲ್ಲ ಎಂದು ಅವರು ಹೇಳಿದ್ದನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ಆರಿದ್ರ ಮಳೆ ಸ್ವಲ್ಪ ಹೊಳವಾದ ಒಂದು ಮಧ್ಯಾಹ್ನ ಮೊದಲ ಗಿಡ ಬಾಡಿತು. ಸಂಜೆಗೆ ಎದ್ದು ನಿಂತಿತು, ಮರುದಿನ ಮತ್ತೆ ಜೋತುಬಿತ್ತು, ಆಮೇಲೆ ಏಳಲೇ ಇಲ್ಲ. ಪೇಟೆಯ ಅಂಗಡಿಯಲ್ಲಿ ಕೇಳಿದರೆ ಒಂದು ಶಿಲೀಂಧ್ರನಾಶಕ ಕೊಟ್ಟರು, ಹೊಡೆದೆ. ದುಡ್ಡು ದಂಡ. ಇದು ಶಿಲೀಂಧ್ರವಲ್ಲ, ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಅದು ಮಣ್ಣಿನಿಂದ ಬೇರಿಗೆ ಹೊಕ್ಕು, ಕಾಂಡದೊಳಗೆ ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಎಲೆಯ ಮೇಲೆ ಏನು ಸುರಿದರೂ ಅಲ್ಲಿಗೆ ತಲುಪುವುದಿಲ್ಲ.

ಅನುಮಾನವಿದ್ದರೆ ನೀವೇ ನೋಡಿ. ಬಾಡಿದ ಗಿಡದ ಬುಡದ ಕಾಂಡವನ್ನು ನೆಲಮಟ್ಟದಿಂದ ತುಸು ಮೇಲಕ್ಕೆ ಗೇಣುದ್ದ ಕತ್ತರಿಸಿ, ತಿಳಿನೀರಿನ ಗಾಜಿನ ಲೋಟದಲ್ಲಿ ಕೊಯ್ದ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ. ಕೈ ಅಲುಗಬಾರದು. ಸ್ವಲ್ಪ ಹೊತ್ತಿನಲ್ಲೇ ಆ ತುದಿಯಿಂದ ಹಾಲಿನ ಎಳೆಯಂಥ ಬಿಳಿ ದಾರ ಇಳಿಯತೊಡಗುತ್ತದೆ. ಇಳಿದರೆ ಸೊರಗು ರೋಗವೇ. ಮುಂದಿನ ಮಾತು ಬೇಡ.

ಟೊಮೆಟೊ ಹೋದದ್ದಕ್ಕೆ ನನಗೇನೂ ದುಃಖವಿಲ್ಲ. ನನ್ನನ್ನು ಕೆಡಿಸಿದ್ದು ಬಾಡಿದ ಗಿಡಗಳನ್ನು ಕಿತ್ತು ಗೊಬ್ಬರಗುಂಡಿಗೆ ಹಾಕಿದ್ದು. ಮಲೆನಾಡಿನ ಮನೆಯಲ್ಲಿ ದರಗು, ಸೊಪ್ಪು, ಸಗಣಿ, ಬಚ್ಚಲ ಕಸ ಎಲ್ಲದಕ್ಕೂ ಅದೊಂದೇ ಜಾಗ. ಹಸಿರು ಗಿಡವನ್ನು ಸುಟ್ಟರೆ ಗೊಬ್ಬರ ದಂಡವಾಯಿತೆಂದು ಬೈಯುವ ಜನ ನಾವು. ಬೇರಿಗೆ ಅಂಟಿದ ಮಣ್ಣಿನ ಸಮೇತ ಎಸೆದೆ. ಕೊಳೆತ ಮೇಲೆ ರೋಗ ಎಲ್ಲಿರುತ್ತದೆ ಎಂಬ ಧೈರ್ಯ. ಆದರೆ ರೋಗಾಣು ಸಾಯಬೇಕಾದರೆ ಗುಂಡಿ ಒಳಗೊಳಗೇ ಕಾಯಬೇಕು, 55 ಡಿಗ್ರಿ ಮೀರಿ, ಅದೂ ಹಲವು ದಿನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿದು ಕೂತ ನಮ್ಮ ಗುಂಡಿಗಳು ಎಲ್ಲಿ ಕಾಯುತ್ತವೆ? ಕೈ ಹಾಕಿದರೆ ತಣ್ಣಗೆ ಕೊರೆಯುತ್ತದೆ. ಮುಂದಿನ ವರ್ಷ ಅದೇ ಗೊಬ್ಬರವನ್ನು ಬುಟ್ಟಿಗಟ್ಟಲೆ ಹೊತ್ತು ಎಲ್ಲ ಮಡಿಗಳಿಗೂ ಹಾಕಿದೆ. ಅಲ್ಲಿಯವರೆಗೆ ಮೇಲಿನ ಮೂಲೆಯೊಂದರಲ್ಲಿದ್ದ ರೋಗ ಇಡೀ ಹಿತ್ತಲಿನದಾಯಿತು. ಇಳಿಜಾರಿನ ಹಿತ್ತಲಾದ್ದರಿಂದ ಉಳಿದದ್ದನ್ನು ಮಳೆನೀರು ಕೆಳಗೆ ಹಂಚಿತು.

ಹೋದದ್ದು ಅತ್ತೆಯವರ ಬದನೆ. ಬಿಳಿ ಪಟ್ಟೆಯ ಗುಂಡು ಬದನೆ, ಬೀಜವನ್ನು ಬೂದಿಗೆ ಕಲೆಸಿ ವರ್ಷ ವರ್ಷವೂ ಕಾಪಾಡಿಕೊಂಡು ಬಂದದ್ದು. ಆ ವರ್ಷ ಇದ್ದ ಬೀಜವನ್ನೆಲ್ಲ ಬಿತ್ತಿದ್ದರು. ಕಾಯಿ ಕಚ್ಚುವ ಮೊದಲೇ ಸಾಲಿಗೆ ಸಾಲೇ ಮಲಗಿತು. ನೆಂಟರಿಷ್ಟರ ಮನೆಗಳಲ್ಲೆಲ್ಲ ವಿಚಾರಿಸಿದೆ, ಯಾರಲ್ಲೂ ಉಳಿದಿಲ್ಲ. ಅವರು ಒಂದು ಮಾತು ಆಡಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಇವತ್ತೇ ಬಾಡಿದ ಗಿಡಗಳನ್ನು ಬುಡದ ಮಣ್ಣಿನ ಸಮೇತ ಎತ್ತಿ, ಮಳೆ ತಾಗದ ಕಡೆ ಒಣಗಿಸಿ, ಬಚ್ಚಲೊಲೆಗೆ ಹಾಕಿ. ಹಾರೆ, ಗುದ್ದಲಿಯನ್ನು ಅಲ್ಲೇ ತೊಳೆಯಿರಿ. ತೊಳೆದ ನೀರು ಬೇರೆ ಮಡಿಗೆ ಹರಿಯಬಾರದು. ಈ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಆ ಜಾಗಕ್ಕೆ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ, ಶುಂಠಿಯೂ ಬೇಡ. ಹೀರೆ, ಹಾಗಲ, ಬೆಂಡೆ, ಬಸಳೆ ಹಾಕಿ. ನಮ್ಮ ಜಂಬಿಟ್ಟಿಗೆ ಮಣ್ಣಿನ ಸುಣ್ಣವನ್ನೆಲ್ಲ ಮಳೆ ತೊಳೆದುಕೊಂಡು ಹೋಗುವುದರಿಂದ ಮಣ್ಣು ಹುಳಿಯಾಗಿರುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟು ಕೃಷಿ ಸುಣ್ಣವನ್ನು ನಾಟಿಗೆ ಎರಡು ಮೂರು ವಾರ ಮೊದಲೇ ಬೆರೆಸಿ.

ಇನ್ನು ಎಲ್ಲ ತರಕಾರಿಯನ್ನೂ ಮನೆಯಲ್ಲೇ ಬೆಳೆಯುವ ನಿಮ್ಮ ಆಸೆ. ನನ್ನ ಕೇಳಿದರೆ ಬಿಟ್ಟುಬಿಡಿ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆ ನಿಮ್ಮದೇ ತಾಲ್ಲೂಕಿನಲ್ಲಿದೆ. ಇಂಥ ಕಡೆ ಆಷಾಢದಲ್ಲಿ ಟೊಮೆಟೊ ಬೆಳೆಯುವುದು ಬರೀ ಜಂಬ. ಕೋಲಾರದವರು ಬೆಳೆದು ಕಳಿಸುತ್ತಾರೆ, ಕೊಂಡುಕೊಳ್ಳಿ. ಕೆಸುವಿನ ಪತ್ರೊಡೆ ಮಾಡುವ ಕಾಲದಲ್ಲಿ ಟೊಮೆಟೊ ಯಾಕೆ ಬೇಕು?

ಬೇಕೇ ಬೇಕೆಂದರೆ ಚಿತ್ತಾ ಮಳೆಯ ಹೊತ್ತಿಗೆ ಸಸಿಮಡಿ ಮಾಡಿ, ಮಳೆ ಹೋದ ಮೇಲೆ ನೆಡಿ. ಗದ್ದೆಯಿದ್ದರೆ ಭತ್ತ ಕೊಯ್ದ ಮಕ್ಕಿ, ಅಂದರೆ ಮಳೆನೀರಿನ ಮೇಲುಗದ್ದೆ, ಎಲ್ಲಕ್ಕಿಂತ ಒಳ್ಳೆಯದು. ತಿಂಗಳುಗಟ್ಟಲೆ ನೀರು ನಿಂತ ಮಣ್ಣಿನಲ್ಲಿ ಈ ರೋಗದ ಕಾಟ ಕಡಿಮೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಸೊರಗು ರೋಗವನ್ನು ತಡೆಯುವ ತಳಿ. ಅದು ಹೈಬ್ರಿಡ್, ಬೀಜ ಹಿಡಿದಿಡಲು ಹೋಗಬೇಡಿ.

ಬದನೆಗೆ ನಾನೀಗ ಕಸಿ ಮಾಡುತ್ತೇನೆ. ರಸ್ತೆಬದಿಯಲ್ಲಿ ಗೊಂಚಲು ಗೊಂಚಲಾಗಿ ಕಾಯಿ ಬಿಡುವ ಮುಳ್ಳಿನ ಕಾಡುಸುಂಡೆ ಇದೆಯಲ್ಲ, ಅದರ ಬೇರಿಗೆ ಸೊರಗು ರೋಗ ಸುಲಭವಾಗಿ ಹತ್ತುವುದಿಲ್ಲ. ಸುಂಡೆ ಬೀಜ ಮೊಳೆಯುವುದು ನಿಧಾನ, ಬದನೆಗಿಂತ ಕೆಲವು ವಾರ ಮೊದಲೇ ಬಿತ್ತಬೇಕು. ಎರಡೂ ಕಾಂಡ ಪೆನ್ಸಿಲ್‌ಗಿಂತ ತೆಳ್ಳಗಿರುವಾಗ ಸುಂಡೆಯನ್ನು ಸೀಳಿ, ಬದನೆಯ ತುದಿಯನ್ನು ಬೆಣೆಯಾಗಿ ಹೆರೆದು ಕೂರಿಸಿ, ಕ್ಲಿಪ್ ಹಾಕಿ, ವಾರದ ಮಟ್ಟಿಗೆ ನೆರಳಲ್ಲಿ ಪ್ಲಾಸ್ಟಿಕ್ ಮುಚ್ಚಿಡಿ. ನೆಡುವಾಗ ಕಸಿಯ ಗಂಟು ನೆಲದಿಂದ ನಾಲ್ಕು ಬೆರಳಾದರೂ ಮೇಲಿರಲಿ. ಆಮೇಲೆ ಗೊಬ್ಬರ ಕೊಟ್ಟು ಮಣ್ಣೇರಿಸುವಾಗಲೂ ಗಂಟನ್ನು ಮುಚ್ಚಬೇಡಿ. ಮುಚ್ಚಿದರೆ ಬದನೆಯ ಕಾಂಡ ಅಲ್ಲಿಂದಲೇ ಬೇರು ಬಿಡುತ್ತದೆ, ರೋಗ ಅದೇ ದಾರಿಯಲ್ಲಿ ಒಳಗೆ ಬರುತ್ತದೆ.