'ಭಕ್ತರು' ಸಾಕು, ಬೆಸುಗೆ ಹಾಕುವ ಆ ಕೈ ತೋರಿಸಿ

ಪ್ರಿಯರೇ,

ಅಮಿಗಾ ಎಂಬ ಹಳೆಯ ಕಂಪ್ಯೂಟರಿನ ಅಭಿಮಾನಿಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೇ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸು ಬರುತ್ತಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ನಾಲ್ಕು ಪ್ಯಾರಾ ಪೂರ್ತಿ ತೆಗೆಯಿರಿ. ಬ್ರ್ಯಾಂಡ್ ಎಂದರೇನು, ನಿಷ್ಠೆ ಎಂದರೇನು, ಮನುಷ್ಯನಿಗೆ ಗುಂಪು ಯಾಕೆ ಬೇಕು ಅಂತ ಓದುಗರು ನಿಮ್ಮನ್ನು ಕೇಳಿಲ್ಲ. ಐದನೇ ಪ್ಯಾರಾದಿಂದ 'ಭಕ್ತರು' ಬರುತ್ತಾರೆ. ಎಣಿಸಿದೆ, ಒಟ್ಟು 19 ಸಲ. ಹೋಲಿಕೆಯೇ ತಪ್ಪು ಅನ್ನುತ್ತಿಲ್ಲ. ಆಪಲ್ ಕಂಪನಿ 1998ರಲ್ಲಿ ನ್ಯೂಟನ್ ಎಂಬ ಕೈಗಣಕವನ್ನು ನಿಲ್ಲಿಸಿದ ಮೇಲೂ ಅದನ್ನು ಬಿಡದ ಬಳಕೆದಾರರ ಬಗ್ಗೆ ಇಬ್ಬರು ಸಂಶೋಧಕರು 2005ರಲ್ಲಿ ಇದೇ ಹೋಲಿಕೆ ಇಟ್ಟು ಬರೆದರು. ಆದರೆ ಅವರು ಆ ಜನ ಪರಸ್ಪರ ಹೇಳಿಕೊಳ್ಳುತ್ತಿದ್ದ ಕಥೆಗಳನ್ನು ಓದಿದ್ದರು. ಸತ್ತುಹೋದ ಬ್ಯಾಟರಿಗೆ ಮತ್ತೆ ಜೀವ ಬಂದ ಕಥೆ ಕೂಡ ಅದರಲ್ಲಿತ್ತು. ನಿಮ್ಮ ಲೇಖನದಲ್ಲಿ ಒಬ್ಬ ಅಭಿಮಾನಿಯ ಬಾಯಿಂದ ಬಂದ ಒಂದು ಕಥೆಯೂ ಇಲ್ಲ, ಬರೀ ಹಣೆಪಟ್ಟಿ ಇದೆ.

ನನ್ನ ಮುಖ್ಯ ತಕರಾರು ಬೇರೆ. ಇದನ್ನು 'ಕಂಪನಿಯ ಮೇಲಿನ ಕುರುಡು ನಿಷ್ಠೆ' ಎಂದು ಬರೆದಿದ್ದೀರಿ. ಯಾವ ಕಂಪನಿ? ಅಮಿಗಾ ತಯಾರಿಸುತ್ತಿದ್ದ ಕಮೋಡೋರ್ 1994ರ ಏಪ್ರಿಲ್‌ನಲ್ಲೇ ಮುಳುಗಿಹೋಯಿತು (ನೀವು 1996 ಅಂದಿದ್ದೀರಿ, ತಿದ್ದಿಕೊಳ್ಳಿ). ಆಮೇಲೆ ಆ ಹೆಸರು 1995ರಲ್ಲಿ ಎಸ್ಕಾಮ್ ಎಂಬ ಕಂಪ್ಯೂಟರ್ ಕಂಪನಿಯ ಕೈಗೆ ಹೋಯಿತು, 1997ರಲ್ಲಿ ಗೇಟ್‌ವೇ ಎಂಬ ಇನ್ನೊಂದರ ಕೈಗೆ. ನಿಷ್ಠೆ ತೋರಿಸೋಣ ಅಂದರೂ ಆ ಕಡೆ ಯಾರೂ ಇಲ್ಲ, ಅಲ್ವಾ? ಎಷ್ಟೋ ಅಭಿಮಾನಿಗಳಿಗೆ ಕಮೋಡೋರ್ ಮೇಲೆ ಇವತ್ತಿಗೂ ಸಿಟ್ಟಿದೆ, ಒಳ್ಳೆಯ ಯಂತ್ರವನ್ನು ಕೈಯಾರೆ ಹಾಳು ಮಾಡಿದರು ಅಂತ. ಯಂತ್ರದ ಮೇಲೆ ಪ್ರೀತಿ, ಅದನ್ನು ಮಾರಿದವರ ಮೇಲೆ ಸಿಟ್ಟು. ನಿಮ್ಮ ಲೇಖನ ಹುಟ್ಟಬೇಕಾದದ್ದು ಇಲ್ಲಿಂದ.

ಈ ಪ್ರೀತಿಗೆ ಕಾರಣವನ್ನೂ ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, 'ಆ ಕಾಲಕ್ಕೆ ಮುಂದುವರಿದ ಕಂಪ್ಯೂಟರ್' ಅಂತ. ಎಷ್ಟು ಮುಂದೆ ಅಂತ ಹೇಳಿ. 1985ರಲ್ಲಿ ಪಿಸಿಗಳ ಸ್ಪೀಕರು ಬರೀ 'ಬೀಪ್' ಅನ್ನುತ್ತಿತ್ತು, ಮ್ಯಾಕಿಂಟಾಷ್ ಪರದೆ ಕಪ್ಪು ಬಿಳುಪು. ಅಮಿಗಾ 4096 ಬಣ್ಣ ತೋರಿಸುತ್ತಿತ್ತು, ನಾಲ್ಕು ಚಾನೆಲ್‌ಗಳಲ್ಲಿ ಸ್ಟೀರಿಯೊ ಸಂಗೀತ ನುಡಿಸುತ್ತಿತ್ತು, ಒಂದೇ ಹೊತ್ತಿಗೆ ಹಲವು ಪ್ರೋಗ್ರಾಂ ಓಡಿಸುತ್ತಿತ್ತು. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಇಂಥದ್ದರ ಮುಂದೆ ಕೂತಿದ್ದಾಳೆ ಅಂದುಕೊಳ್ಳಿ. ಅವಳು ಅದನ್ನು ಮರೆಯುತ್ತಾಳಾ?

ಮತ್ತೆ, ಅಮಿಗಾ ಕಮೋಡೋರ್‌ನಲ್ಲಿ ಹುಟ್ಟಿದ್ದಲ್ಲ. ಅದನ್ನು ಶುರುಮಾಡಿದ್ದು ಅದೇ ಹೆಸರಿನ ಒಂದು ಸಣ್ಣ ಕಂಪನಿ. ಕಮೋಡೋರ್ 1984ರಲ್ಲಿ ಅದನ್ನು ಕೊಂಡಿತು. ವಿನ್ಯಾಸದ ಹಿಂದಿದ್ದವರು ಜೇ ಮೈನರ್. ಅವರ ಹೆಸರೇ ನಿಮ್ಮ ಲೇಖನದಲ್ಲಿಲ್ಲ! ಮೊದಲ ಅಮಿಗಾ 1000ರ ಮುಚ್ಚಳ ಬಿಚ್ಚಿ ಒಳಮೈ ನೋಡಿದರೆ ತಂಡದವರ ಸಹಿಗಳಿವೆ. ಆ ಸಹಿಗಳ ನಡುವೆ ಒಂದು ನಾಯಿಯ ಪಾದದ ಗುರುತಿದೆ. ಅದು ಮೈನರ್ ಅವರ ನಾಯಿ ಮಿಚಿಯದು, ಅವರ ಜೊತೆ ಆಫೀಸಿಗೂ ಬರುತ್ತಿತ್ತು. ಕೊಂಡವರಿಗೆ ಹೊರಗಿನಿಂದ ಇದು ಕಾಣುವುದೇ ಇಲ್ಲ. ಬಿಚ್ಚಿದವರಿಗೆ ಮಾತ್ರ ಗೊತ್ತು. ಕಮೋಡೋರ್ ಮುಳುಗಿದ ವರ್ಷವೇ ಮೈನರ್ ಕೂಡ ತೀರಿಕೊಂಡರು.

'ಗುರು ಮೆಡಿಟೇಷನ್' ಹೇಗೆ ಬಿಟ್ಟಿರಿ ಅಂತ ನನಗೆ ಅರ್ಥವೇ ಆಗಲಿಲ್ಲ. ಅಮಿಗಾ ಕೆಟ್ಟು ನಿಂತಾಗ ಕಪ್ಪು ಪಟ್ಟಿಯಲ್ಲಿ, ಮಿನುಗುವ ಕೆಂಪು ಚೌಕಟ್ಟಿನೊಳಗೆ ಈ ಎರಡು ಪದ ಬರುತ್ತಿದ್ದವು. ಆ ತಂಡದವರು ಅಮಿಗಾಗಿಂತ ಮೊದಲು ಜಾಯ್‌ಬೋರ್ಡ್ ಅಂತ ಒಂದು ಆಟದ ಹಲಗೆ ಮಾಡಿದ್ದರು. ಅದರ ಮೇಲೆ ನಿಂತು ಮೈ ವಾಲಿಸಿ ಆಡಬೇಕು. ಯಂತ್ರ ಪದೇ ಪದೇ ಕೆಟ್ಟು ತಲೆ ಬಿಸಿಯಾದಾಗ ಅವರು ಆ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ, ಅಲುಗಾಡದೆ ಕೂರುತ್ತಿದ್ದರಂತೆ. ಆ ಹೆಸರು ಬಂದದ್ದು ಹೀಗೆ. ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ, ತಟ್ಟನೆ ಹತ್ತಿರವಾಗುತ್ತದೆ.

ಈಗ ನಾನು ಈ ಲೇಖನವನ್ನು ಯಾಕೆ ಬಿಡಲಾರೆ ಅಂತ ಹೇಳುತ್ತೇನೆ. ಹದಿಮೂರನೇ ಪ್ಯಾರಾ. ನೀವು ವಿಡಿಯೊ ಕರೆಯಲ್ಲಿ ಮಾತಾಡಿಸಿದ ಜರ್ಮನಿಯ ಆ ನಿವೃತ್ತ ಮೇಷ್ಟ್ರು, ಅಮಿಗಾ 1200 ಎಂಬ ಮಾದರಿಯ ಬೋರ್ಡಿನಿಂದ ಹಳೆಯ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಪುಟ್ಟ ಬಿಡಿಭಾಗ) ಒಂದೊಂದಾಗಿ ಕೀಳುತ್ತಾರೆ. ಒಳಗಿನ ದ್ರವ ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತಿದೆ. ಬೆಸುಗೆಯ ಕಾದ ಕಬ್ಬಿಣ ತಾಗಿದ ಕೂಡಲೇ ಮೀನಿನ ವಾಸನೆ ಬರುತ್ತದೆ, ಅವರು ಎದ್ದು ಹೋಗಿ ಕಿಟಕಿ ತೆರೆಯುತ್ತಾರೆ. ಈ ಆರು ಸಾಲು ಬರೆದವರಿಗೆ ಬರೆಯಲು ಬರುತ್ತದೆ. ಆದರೆ ಏಳನೇ ಸಾಲಿನಲ್ಲಿ ನೀವೇ 'ಇದೂ ಒಂದು ಪೂಜೆಯೇ' ಅಂತ ಸೇರಿಸಿ ಎಲ್ಲವನ್ನೂ ಕೆಡಿಸಿದಿರಿ. ಅದನ್ನು ಹೊಡೆದುಹಾಕಿ. ಅವರು ಕಿಟಕಿ ತೆರೆಯಲಿ, ಅಷ್ಟು ಸಾಕು.

ಲೇಖನ ಅಲ್ಲಿಂದಲೇ ಶುರುವಾಗಲಿ. ಹಳದಿಗಟ್ಟಿದ ಕವಚವನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವವರಿದ್ದಾರೆ. ಹಣ ಕೂಡಿಸಿ 1200ಕ್ಕೆ ಹೊಸ ಕವಚವನ್ನೇ ಮಾಡಿಸಿಕೊಂಡವರಿದ್ದಾರೆ. ಆ ಹಳೆಯ ಯಂತ್ರಗಳಿಗೇ ಅಂತ 2021ರಲ್ಲಿ ಅಮಿಗಾಓಎಸ್ 3.2 ಎಂಬ ಹೊಸ ಆಪರೇಟಿಂಗ್ ಸಿಸ್ಟಂ ಬಂತು, ಕಮೋಡೋರ್ ಹೋಗಿ 27 ವರ್ಷವಾದ ಮೇಲೆ. ಇವನ್ನೆಲ್ಲ ಮೇಷ್ಟ್ರ ಮೇಜಿನ ಸುತ್ತಲೇ ತನ್ನಿ, ಪಟ್ಟಿ ಮಾಡಬೇಡಿ. ಈಗಿರುವುದರ ಅರ್ಧಕ್ಕಿಂತ ಜಾಸ್ತಿ ಬೇಡ.

ಇನ್ನೊಂದು ಕೆಲಸ. ಅವರಿಗೆ ಮತ್ತೊಮ್ಮೆ ಕರೆ ಮಾಡಿ. ಹೊಸ ಕೆಪಾಸಿಟರ್ ಕೂರಿಸಿ ಸ್ವಿಚ್ ಒತ್ತಿದ ಮೇಲೆ ಆ ಯಂತ್ರದಲ್ಲಿ ಅವರು ಮೊಟ್ಟಮೊದಲು ಏನು ತೆರೆದರು? ನೀವು ಅದನ್ನು ಬರೆದಿಲ್ಲ. ಎರಡನೇ ಸಲ ಓದುವಾಗಲೂ ನಾನು ಅದನ್ನೇ ಹುಡುಕುತ್ತಿದ್ದೆ.

ವಿಶ್ವಾಸದಿಂದ,
ಸಂಪಾದಕ